ಒಂದು ವಾರ ಮುಂಚೆ ಬಂದ ಗುಲಾಬಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚರ್ಚಿನ ಹಿಂದಿನ ಪುಟ್ಟ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಆಗಲೇ ಕಾದಿದೆ. ನಾಳೆ ಈಸ್ಟರ್. ಬಲಿಪೀಠಕ್ಕೆ ಹೊದಿಸುವ ಬಿಳಿ ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಎಳೆಯುತ್ತಿರುವವರನ್ನು ಇಲ್ಲಿ ಎಲ್ಲರೂ ಕರೆಯುವುದು ‘ಬಣ್ಣದಕ್ಕ’ ಎಂದೇ. ಕ್ರಿಸ್‌ಮಸ್ಸಿಗೆ ಕಾಯುವ ವಾರಗಳಲ್ಲೂ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲೂ ನೇರಳೆ, ಹಬ್ಬಕ್ಕೆ ಬಿಳಿ, ವರ್ಷದ ಬಹುಪಾಲು ಹಸಿರು. ಒಗೆಯುವುದು, ಮಡಿಸುವುದು, ಹೊದಿಸುವುದು ಎಲ್ಲ ಅಕ್ಕನದೇ. ಪೂಜೆಗೆ ಬಂದವರು ಬಟ್ಟೆ ನೋಡುತ್ತಾರೆ, ಅಕ್ಕನನ್ನು ನೋಡುವುದಿಲ್ಲ.

ಇವನ್ನೆಲ್ಲ ಹೊಲಿದವರು ಅಕ್ಕನ ಯಜಮಾನರು, ಟೈಲರ್. ಚಳಿಗಾಲದಲ್ಲಿ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. “ಬಾಯಿ ಮುಚ್ಚಿ ಅಂತ ಅದೆಷ್ಟು ಸಲ ಅಂದಿದೀನೋ. ಈಗ ಒಂದು ಮಾತಿಗೆ ಬಾಯಿ ಬಾಯಿ ಬಿಡ್ತಾ ಇದೀನಿ” ಎಂದು ಅಕ್ಕ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ತಪಸ್ಸು ಕಾಲದ ನಾಲ್ಕನೇ ಭಾನುವಾರಕ್ಕೆ ಸಂತೋಷದ ಭಾನುವಾರ ಎನ್ನುತ್ತಾರೆ; ಅಂದು ಮಾತ್ರ ನೇರಳೆ ತೆಗೆದು ಗುಲಾಬಿ ಬಣ್ಣ ಹೊದಿಸುವ ರೂಢಿ. ಅಕ್ಕನನ್ನು ಮಾತಾಡಿಸಲು ಬಂದ ನಾನು ಯಾಕೆಂದು ಕೇಳಿದೆ. “ದುಃಖಕ್ಕೂ ನಡುವೆ ಒಂಚೂರು ಉಸಿರಾಡೋಕೆ ಬಿಡ್ಬೇಕಲ್ವಾ?” ಎಂದರು.

ಈ ವರ್ಷ ಅದರಲ್ಲೇ ಎಡವಟ್ಟಾಯಿತು. ಅದಕ್ಕೆ ಒಂದು ವಾರ ಮೊದಲೇ, ಮೂರನೇ ಭಾನುವಾರದ ಹಿಂದಿನ ಶನಿವಾರ, ಅಕ್ಕ ಗುಲಾಬಿ ಬಟ್ಟೆಯ ಬಿಚ್ಚಿಹೋದ ಅಂಚು ಹೊಲಿಯುತ್ತ ಯಜಮಾನರ ಹಾಸಿಗೆಯ ಪಕ್ಕ ಕೂತಿದ್ದರು. ಯಜಮಾನರು ಎಡಗೈಯಿಂದ ಹೊಲಿಗೆ ಸವರಿ, ತಡವರಿಸಿ, “ಸೊಟ್ಟ” ಎಂದರು. “ಇಷ್ಟು ದಿನ ಆದ್ಮೇಲೆ ಬಾಯಿಬಿಟ್ಟಿದ್ದು ನನ್ನ ಹೊಲಿಗೆ ಸೊಟ್ಟ ಅನ್ನೋಕೆ ನೋಡಿ” ಎನ್ನುತ್ತಾರೆ ಅಕ್ಕ. ಆ ಖುಷಿಯಲ್ಲಿ ಅಕ್ಕನಿಗೆ ವಾರವೇ ತಪ್ಪಿಹೋಯಿತು. ಮರುದಿನ ಬಲಿಪೀಠದ ಮೇಲೆ ಗುಲಾಬಿ. ನೇರಳೆ ತೊಟ್ಟು ಬಂದ ಫಾದರ್ ತಬ್ಬಿಬ್ಬು. ಪೂಜೆ ಮುಗಿದ ಮೇಲೆ ಅವರು ಕೇಳಿದ್ದು ಇಷ್ಟೇ: “ಏನಕ್ಕಾ, ಸಂತೋಷ ಒಂದು ವಾರ ಮೊದಲೇ ಬಂದ್ಬಿಡ್ತಾ?”

“ಹೂಂ ಫಾದರ್, ನಮ್ಮನೆಗೆ ಬಂದ್ಬಿಡ್ತು” ಎಂದು ಅಕ್ಕ ಅತ್ತೇಬಿಟ್ಟರಂತೆ.

ಆಮೇಲೆ ಎರಡನೇ ಮಾತು ಬಂದಿಲ್ಲ. ಅಕ್ಕ ದಿನಾ ಯಾವುದಾದರೊಂದು ಬಟ್ಟೆಯನ್ನು ಬೇಕೆಂದೇ ಸೊಟ್ಟ ಹೊಲಿದು ಯಜಮಾನರ ಮುಂದೆ ಹಿಡಿಯುತ್ತಾರೆ.

ನಾಳೆ ಹಬ್ಬದ ದಿನ ಏನು ಬೇಡಿಕೊಳ್ಳುತ್ತೀರಿ ಎಂದೆ. ಅಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದರು.

“ಹಬ್ಬ ಬರುತ್ತೆ, ಹೋಗುತ್ತೆ. ಆಮೇಲೆ ಹಸಿರು ಹಾಕ್ತೀವಲ್ಲ, ಅದಕ್ಕೆ ಸಾಧಾರಣ ಕಾಲ ಅಂತಾರೆ. ಏನೂ ವಿಶೇಷ ಇಲ್ಲದ ದಿನಗಳು. ಅವರು ಹೊಲಿಗೆ ಮಿಷನ್ ತುಳೀತಾ ನನ್ನ ಬೈತಿರ್ಬೇಕು, ನಾನು ಇಸ್ತ್ರಿ ಮಾಡ್ತಾ ತಿರುಗಿ ಬೈತಿರ್ಬೇಕು. ಆ ಸಾಧಾರಣ ಕಾಲ ಒಂದು ಸಿಕ್ಕಿದ್ರೆ ನನಗೆ ಸಾಕು.”