ವೆಂಕಟರಾಮಪ್ಪನವರ ರಷ್ಯಾ

ಡೈರಿಗೆ ಹಾಲು ಹಾಕಿ ಬಂದ ಮೇಲೆ ವೆಂಕಟರಾಮಪ್ಪನವರಿಗೆ ಪೇಪರ್ ಬೇಕು. ಪೇಪರಿನಲ್ಲಿ ರಷ್ಯಾ ಬೇಕು. ತೂಬಗೆರೆ ಹೋಬಳಿ ದಾಟಿ ಹೆಚ್ಚು ಓಡಾಡಿದವರಲ್ಲ. ಆದರೂ ಹೆಂಡತಿ ಮುನಿತಾಯಮ್ಮ ಕಾಫಿ ತಂದರೆ ಸಾಕು, ಶುರು.

"ರಷ್ಯಾದಲ್ಲಿ ದೊಡ್ಡ ಪಟ್ಟಣದ ಹುಡುಗರನ್ನ ಯುದ್ಧಕ್ಕೆ ಕರೆದ್ರೆ ಗಲಾಟೆ ಆಯ್ತದೆ ಅಂತ ದೂರದ ಬಡ ಊರುಗಳಿಂದ್ಲೇ ಜಾಸ್ತಿ ಕರೀತಾರೆ ಕಣೇ. ಅವರ ಜನ ಬಂಕಲ್ಲಿ ಕ್ಯೂ ನಿಂತ್ರೆ ಹೊರದೇಶಕ್ಕೆ ಪೆಟ್ರೋಲ್ ಬಂದ್. ಹೊರಗಿನ ಜಗಳ ತಿಳೀಬೇಕಾ? ಮೊದ್ಲು ಮನೆಯೊಳಗೇನು ನೋಡು."

"ನಮ್ಮನೆಯೊಳಗೆ ನೋಡಿ, ಹಸುಗೆ ಹುಲ್ಲಿಲ್ಲ."

ಮಗಳು ನವ್ಯಶ್ರೀಗೆ ಪಕ್ಕದೂರಿನ ಕೆಂಪರಾಜ್ ಮಗ ಮುರಳಿಯ ಜೊತೆ ಮಾತಾಗಿತ್ತು. ತಾಂಬೂಲ ಬದಲಾಯಿಸುವುದೊಂದು ಬಾಕಿ. ಅಷ್ಟರಲ್ಲಿ ಡೈರಿ ಅಧ್ಯಕ್ಷ ಬೈರಣ್ಣ ಎದ್ದ. ಎರಡೂರಿನ ನಡುವಿನ ಕೆರೆಯ ಹುಲ್ಲು ನಮ್ಮದು, ಆ ಊರಿನವರು ಕುಡುಗೋಲು ಇಟ್ಟರೆ ಬಿಡಲ್ಲ ಅಂದ. ಊರೆಲ್ಲ ಅವನ ಹಿಂದೆ ನಿಂತಿತು. ತಾಂಬೂಲ ನಿಂತುಹೋಯಿತು. ನವ್ಯಶ್ರೀ ಊಟ ಬಿಟ್ಟಳು.

"ಏನಂತೆ ಈಗ ನಿಮ್ಮ ರಷ್ಯಾ?" ಮುನಿತಾಯಮ್ಮ ಕೇಳಿದಳು.

ವೆಂಕಟರಾಮಪ್ಪನವರು ಪೇಪರ್ ಮಡಿಸಿದರು. "ಬೈರಣ್ಣನ ಮನೆಯೊಳಗೇನು?"

"ಹೆಂಡ್ರು ಮಕ್ಳು ಚೆನ್ನಾಗವ್ರೆ."

"ಅವನ ಮನೆ ಅಂದ್ರೆ ಡೈರಿ ಕಣೇ. ಹಾಲಿನ ಕೊಬ್ಬು ಅಳೆಯೋ ಫ್ಯಾಟ್ ಮಿಷನ್ ಕೆಟ್ಟು ಎಮ್ಮೆ ಹಾಲನ್ನೂ ನೀರು ಅಂತ ತೋರಿಸ್ತದೆ. ಜನ ಬೈತಾವ್ರೆ. ಡೈರಿ ಎಲೆಕ್ಷನ್ ಬೇರೆ ಬಂತು. ಹುಲ್ಲಿನ ಜಗಳ ಎದ್ಮೇಲೆ ಯಾರಾದ್ರೂ ಮಿಷನ್ ಮಾತು ಎತ್ತಿದ್ರಾ?"

ಕೆಂಪರಾಜ್ ಪಕ್ಕದೂರಿನ ಡೈರಿಗೆ ಅಧ್ಯಕ್ಷ. ಅಲ್ಲಿ ಇನ್ನೊಂದು ಮಿಷನ್ ಸುಮ್ಮನೆ ಕೂತಿತ್ತು. ವೆಂಕಟರಾಮಪ್ಪನವರು ಹೋಗಿ ಅದನ್ನು ಕೊಡೋಕೆ ಅವರನ್ನು ಒಪ್ಪಿಸಿ ಬಂದು ಬೈರಣ್ಣನಿಗೆ ಹೇಳಿದರು. "ನೀನೇ ಹೋಗಿ ತಗೊಂಡ್ಬಾ."

"ಆ ಊರ ಬಾಗಿಲಿಗೆ ನಾನು ಹೋಗ್ಲಾ?"

"ಬೇಡ ಬಿಡಪ್ಪಾ. ನಾನೇ ತಂದು, ನಾನೇ ತಂದೆ ಅಂತ ಊರಿಗೆಲ್ಲ ಹೇಳ್ಕೊತೀನಿ."

ಅಷ್ಟೊತ್ತಿಗೆ ಬೈರಣ್ಣ ಚಪ್ಪಲಿ ಮೆಟ್ಟಿಯಾಗಿತ್ತು.

ಮಿಷನ್ ಬಂತು. ಬೈರಣ್ಣನಿಗೆ ಹಾರ ಬಿತ್ತು. "ಹುಲ್ಲು ಯಾರ್ದಾದ್ರೇನು, ತಿನ್ನೋದು ಹಸು ತಾನೆ" ಅಂದುಬಿಟ್ಟ! ತಾಂಬೂಲದ ದಿನ ತಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ನಡೆದವನೂ ಅವನೇ. ಮುನಿತಾಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನವ್ಯಶ್ರೀ ಎರಡು ಸಲ ಪಾಯಸ ಹಾಕಿಸಿಕೊಂಡಳು.

ಮಗಳ ಮದುವೆ ನೋಡಿಕೊಂಡೇ ವೆಂಕಟರಾಮಪ್ಪನವರು ತೀರಿಕೊಂಡರು. ಮನೆಗೆ ಪೇಪರ್ ಬರುವುದನ್ನು ಮುನಿತಾಯಮ್ಮ ನಿಲ್ಲಿಸಿಲ್ಲ. ಮಗಳು ಅಳಿಯ ಬಂದಾಗ ಮುರಳಿ ಗಟ್ಟಿಯಾಗಿ ಓದುತ್ತಾನೆ. ರಷ್ಯಾ ಬಂದ ಕೂಡಲೇ ಮುನಿತಾಯಮ್ಮ ಒಳಗಿನಿಂದ ಕೂಗುತ್ತಾಳೆ:

"ತಡೀರಿ ಅಳಿಯಂದ್ರೇ, ಮೊದ್ಲು ಅವರ ಮನೆಯೊಳಗೇನಂತೆ?"