ನಿಂತದ್ದು ಬಲಗಾಲು

ಕಳೆದ ಸೋಮವಾರ ಬೆಳಿಗ್ಗೆ ಬರೋಡಾದ ಒಂದು ಹೆಣ್ಣುಮಕ್ಕಳ ಶಾಲೆಯ ಬಾಗಿಲಲ್ಲಿ ನಮ್ಮ ಅವ್ವ ಜೋರಾಗಿ ಕೂಗಿದಳು: “ಎಡಗಾಲ! ಎಡಗಾಲು ಮೊದಲ!”

ಅವ್ವನನ್ನು ಬಲ್ಲವರಿಗೆ ಇದು ಸುದ್ದಿ. ಧಾರವಾಡದ ನಮ್ಮ ಮನೆಗೆ ಯಾರೇ ಬರಲಿ, ಬಲಗಾಲಿಟ್ಟೇ ಒಳಗೆ ಬರಬೇಕು. (ನಾನು ಪೇಪರ್ ಕೆಲಸಕ್ಕೆಂದು ಅಹಮದಾಬಾದಿಗೆ ಹೊರಟ ದಿನ ಎಡಗಾಲು ಮುಂದಿಟ್ಟೆನೆಂದು ವಾಪಸು ಕರೆದು, ನೀರು ಕುಡಿಸಿ, ಮತ್ತೆ ಹೊರಡಿಸಿದ್ದಳು. ರೈಲು ತಪ್ಪಿತು.) ಅಂಥವಳು, ಮೊಮ್ಮಗಳು ಮೊದಲ ದಿನ ಶಾಲೆಯ ಹೊಸ್ತಿಲು ದಾಟುವ ಹೊತ್ತಿಗೆ, ಎಡಗಾಲು ಎಂದು ಕೂಗುವುದೆಂದರೇನು?

ಮೊದಲಿನಿಂದ ಹೇಳುತ್ತೇನೆ.

ಮೊಮ್ಮಗಳು ಎಂದರೆ ನನ್ನ ತಂಗಿ ವಿಮಲಾಳ ಮಗಳು ಸುಧಾ. ಏಳು ವರ್ಷ. ಕೂಸಾಗಿದ್ದಾಗ ಒಂದು ಜ್ವರ ಬಂತು. ಜ್ವರ ಬಿಟ್ಟಿತು, ಬಲಗೈ ಬಲಗಾಲಿನ ಶಕ್ತಿಯನ್ನು ಬಿಡಿಸಿಕೊಂಡು ಹೋಯಿತು. ನಡೆಯುತ್ತಿದ್ದಳು. ಆದರೆ ಮೈಯ ಭಾರವೆಲ್ಲ ಎಡಗಾಲಿನ ಮೇಲೆ. ಯಾರಾದರೂ ಭುಜ ತಾಗಿಸಿದರೆ ಸಾಕು, ಬಲಕ್ಕೆ ಬೀಳುತ್ತಿದ್ದಳು. ಅವಳನ್ನು ನೋಡಿಕೊಳ್ಳಲೆಂದೇ ಅವ್ವ ಧಾರವಾಡದಿಂದ ಬಂದು ಬರೋಡಾದಲ್ಲಿ ತಂಗಿಯ ಮನೆಯಲ್ಲೇ ಉಳಿದಿದ್ದಾಳೆ.

ಹೋದ ವರ್ಷ ಶಾಲೆಗೆ ಸೇರಿಸಲು ಹೋದರು. ಹಳೆಯ ವಾಡೆಯಂಥ ಕಟ್ಟಡ, ಎತ್ತರದ ಮರದ ಹೊಸ್ತಿಲು. ಹೆಡ್‌ಮಿಸ್ಟ್ರೆಸ್ ಕೆಟ್ಟವರಲ್ಲ, ನೇರ ಮಾತಿನವರು. “ಎತ್ತಿ ದಾಟಿಸಲು ನಮ್ಮಲ್ಲಿ ಆಯಾ ಇಲ್ಲ. ಒಬ್ಬಳೇ ಒಳಗೆ ಬರಲಿ, ಒಬ್ಬಳೇ ಹೊರಗೆ ಹೋಗಲಿ. ಅವತ್ತೇ ಹೆಸರು ಹಚ್ಚಿಕೊಳ್ಳುತ್ತೇನೆ” ಎಂದರು.

ಸುಧಾ ಮನೆಗೆ ಬಂದು ಸ್ಲೇಟನ್ನು ಮಂಚದ ಕೆಳಗೆ ತಳ್ಳಿಬಿಟ್ಟಳಂತೆ. ಓಣಿಯ ಗೆಳತಿಯರೆಲ್ಲ ಅದೇ ಶಾಲೆಗೆ ಹೋಗುವವರು.

ಆಮೇಲೆ ಯಾರೋ ಹೇಳಿದರು: ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಎಂದು ಶುರುವಾಗಿದೆ, ತೋರಿಸಿ. ಔಷಧವಿಲ್ಲ, ಇಂಜೆಕ್ಷನ್ ಇಲ್ಲ. ಕಸರತ್ತು. ನೋಡಿಕೊಳ್ಳುವವರು ಕುಸುಮಬೆನ್, ಅದನ್ನೇ ಓದಿ ಬಂದ ಹೆಣ್ಣುಮಗಳು. ನೋಡಿದ ಮೊದಲ ದಿನವೇ ಅವರೆಂದರಂತೆ: “ಬಲಗಾಲಿಗೆ ಶಕ್ತಿ ಸ್ವಲ್ಪ ಇದೆ, ನಂಬಿಕೆಯೇ ಇಲ್ಲ. ಅದರ ಮೇಲೆ ನಿಲ್ಲುವುದನ್ನು ಕಲಿಸಬೇಕು.”

ಹೇಗೆ? ಗಿಡ್ಡ ಮಣೆಯ ಮೇಲೆ ಎಡಗಾಲು ಇಡಿಸುವುದು. ಆಗ ಭಾರ ಹೊರಲು ಬಲಗಾಲೊಂದೇ ಉಳಿಯುತ್ತದೆ. ಚೆಂಡನ್ನು ಬಲಗಡೆಯಿಂದಲೇ ಕೊಡುವುದು, ಅವಳು ಆ ಕಡೆ ವಾಲಿ ತೆಗೆದುಕೊಳ್ಳಲಿ ಎಂದು. ಮನೆಯಲ್ಲಿ ಬೇರೆ ಸಲಕರಣೆ ಬೇಡ, ಹೊಸ್ತಿಲು ಇದೆಯಲ್ಲ? ದಾಟುವಾಗೆಲ್ಲ ಎಡಗಾಲು ಮೊದಲು.

ಆಸ್ಪತ್ರೆಯಲ್ಲಿ ಸುಧಾ ಚೆನ್ನಾಗಿ ನಿಲ್ಲುತ್ತಿದ್ದಳು. ಮುಂದಿನ ವಾರ ಹೋದರೆ ಮತ್ತೆ ಹಳೆಯ ಹಾಗೇ. ಮನೆಯಲ್ಲಿ ಮಾಡಿಸುತ್ತೀರೋ ಇಲ್ಲವೋ ಎಂದು ಕುಸುಮಬೆನ್ ಕೇಳಿದರೆ ವಿಮಲಾ ಗೋಣು ಆಡಿಸುತ್ತಿದ್ದಳು. (ಹೌದೋ ಅಲ್ಲವೋ ತಿಳಿಯದ ಗೋಣು. ನಮ್ಮ ಮನೆತನದ್ದು.)

ಒಂದು ಭಾನುವಾರ ಕುಸುಮಬೆನ್ ಚಹಾಕ್ಕೆಂದು ಮನೆಗೇ ಬಂದರು. ನಾನೂ ಅಹಮದಾಬಾದಿನಿಂದ ಬಂದಿದ್ದೆ. ತಂಗಿಯ ಗಂಡ ರೈಲ್ವೆಯವ, ಅವತ್ತು ಡ್ಯೂಟಿ. ಕುಸುಮಬೆನ್ ನಡುಮನೆಯ ತೂಗುಮಣೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು. ಸುಧಾ ಅಡಿಗೆಮನೆಯಿಂದ ಚಕ್ಕಲಿ ತರಲು ಹೊರಟಳು. ಹೊಸ್ತಿಲ ಹತ್ತಿರ ಹೋಗಿ ಎಡಗಾಲು ಎತ್ತಿದಳು.

“ಬಲಗಾಲ!” ಒಳಗಿನಿಂದ ಅವ್ವನ ದನಿ.

ಹುಡುಗಿ ತಟ್ಟನೆ ಕಾಲು ಬದಲಿಸಿದಳು. ಬರುವಾಗಲೂ ಅಷ್ಟೆ. ದೇವರ ಮನೆಯ ಮುಂದೆಯೂ ಅಷ್ಟೆ.

ಕುಸುಮಬೆನ್ ನಕ್ಕುಬಿಟ್ಟರು. “ನನ್ನ ಕಸರತ್ತು ದಿನಾ ಎಲ್ಲಿ ಕಳೆದುಹೋಗುತ್ತಿತ್ತು ಅಂತ ಈಗ ಗೊತ್ತಾಯಿತು.”

ವಿಮಲಾ ತಲೆ ತಗ್ಗಿಸಿದಳು. “ಎಷ್ಟ ಹೇಳೀನಿ, ಅವ್ವ ಕೇಳೂದಿಲ್ಲ” ಎಂದು ನನಗೆ ಕನ್ನಡದಲ್ಲಿ ಅಂದಳು.

ಅವ್ವ ಸೆರಗಿಗೆ ಕೈ ಒರೆಸುತ್ತಾ ಹೊರಬಂದಳು. “ಯಾಕ ಕೇಳಬೇಕು? ಹೆಣ್ಣುಕೂಸಿಗೆ ಎಡಗಾಲಿಟ್ಟು ಬಾ ಅಂತ ಕಲಸೂದು ಯಾವ ಶಾಸ್ತ್ರದಾಗ ಅದ? ಮೊದಲ ಆಕೀ ಕಷ್ಟ ಕಡಿಮಿ ಅದ ಏನು?”

“ಅಜ್ಜಿ, ಡಾಬೊ ಪಗ್ ಅಂದ್ರ ಎಡಗಾಲು. ಬೆನ್ ಹೇಳ್ಯಾರ” ಎಂದಳು ಸುಧಾ.

“ನೀ ಸುಮ್ನಿರು, ಗುಜರಾತಿ ಮಾಸ್ತರಿಣಿ!”

ವಿಮಲಾ ಅವ್ವನ ಮಾತನ್ನು ಹಿಂದಿಯಲ್ಲಿ, ಕುಸುಮಬೆನ್ ಮಾತನ್ನು ಕನ್ನಡದಲ್ಲಿ ತಿಳಿಸುತ್ತಾ ಹೋದಳು. ಕುಸುಮಬೆನ್ ವಾದಿಸಲಿಲ್ಲ. ಗುಜರಾತಿನಲ್ಲಿ ದೊಡ್ಡ ಹೆಂಗಸರನ್ನು ಕರೆಯುವ ಹಾಗೆ ‘ಬಾ’ ಎಂದು ಅವ್ವನನ್ನು ಕರೆದು, “ನಾನೂ ಅತ್ತೆಮನೆಗೆ ಬಲಗಾಲಿಟ್ಟೇ ಬಂದವಳು. ಒಮ್ಮೆ ನೀವು ಹೊಸ್ತಿಲು ದಾಟಿ ತೋರಿಸಿ” ಎಂದರು.

ಅವ್ವ ಇದೇನು ಮಹಾ ಎಂಬಂತೆ ಬಲಗಾಲು ಎತ್ತಿದಳು.

“ನಿಲ್ಲಿ! ಹಾಗೇ ನಿಲ್ಲಿ. ಈಗ ನಿಮ್ಮನ್ನು ಹೊತ್ತಿರುವ ಕಾಲು ಯಾವುದು?”

ಅವ್ವ ಕೆಳಗೆ ನೋಡಿದಳು. ಚೌಕಟ್ಟು ಹಿಡಿದುಕೊಂಡಳು. ತನ್ನ ಎಡಗಾಲನ್ನೇ ನೋಡುತ್ತಾ ಬಲಗಾಲನ್ನು ಮೆಲ್ಲಗೆ ಕೆಳಗಿಳಿಸಿದಳು.

ಮಗು ಬಲಗಾಲು ಎತ್ತಿದಾಗೆಲ್ಲ ಗಟ್ಟಿಯಾದ ಎಡಗಾಲೇ ದುಡಿಯುತ್ತಿತ್ತು. ಸೋತ ಕಾಲು ಗಾಳಿಯಲ್ಲಿ ಮರ್ಯಾದೆ ಪಡೆದು ಮುಂದಕ್ಕೆ ಹೋಗುತ್ತಿತ್ತು. ನಮ್ಮಲ್ಲಿ ಇಂಥ ಮರ್ಯಾದೆ ಇನ್ನೂ ಯಾರ್ಯಾರಿಗೆ ಸಿಗುತ್ತದೆ, ಲೆಕ್ಕ ನೀವೇ ಹಾಕಿ.

ಮರುದಿನ ಬೆಳಿಗ್ಗೆ ಅವ್ವ ಎಂದಿನಂತೆ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಾ ಲಕ್ಷ್ಮಿಯ ಜೊತೆ ಮಾತಾಡುತ್ತಿದ್ದಳು: “ಈ ಕೂಸು ಹ್ಯಾಂಗ ಬಂದ್ರೂ ನೀನ ಬಂದ್ಹಾಂಗ ಅಂತ ತಿಳಕೋ ತಾಯಿ. ಹೆಚ್ಚು ಕಮ್ಮಿ ಆದ್ರ ನನಗ ಹೇಳು, ಆಕೀಗಲ್ಲ.”

ಒಪ್ಪಂದ ಮುಗಿಯಿತು. ಅಂದಿನಿಂದ ಆ ಮನೆಯ ಹೊಸ್ತಿಲುಗಳಿಗೆ ಹೊಸ ಇನ್‌ಸ್ಪೆಕ್ಟರ್ ಬಂದಳು. ಹಿಡಿದುಕೊಂಡು ದಾಟಿದರೆ ವಾಪಸು. ಅವಸರ ಮಾಡಿದರೆ ವಾಪಸು. ಸುಧಾ ಅತ್ತರೆ ತಾನೂ ಮೂಗು ಒರೆಸಿಕೊಂಡು, “ಇನ್ನೊಮ್ಮೆ.” ಬಿದ್ದ ದಿನಗಳಿದ್ದವು. ಚಳಿಗಾಲ ಕಳೆಯುವ ಹೊತ್ತಿಗೆ ಹುಡುಗಿ ಬಲಗಾಲಿನ ಮೇಲೆ ನಿಂತು ಎಡಗಾಲಿನ ಮಣ್ಣು ಕೊಡವತೊಡಗಿದಳು. ಪವಾಡವೇನಲ್ಲ. ಬಲಗೈ ಇನ್ನೂ ಮಡಚಿಕೊಂಡೇ ಇದೆ, ನಡಿಗೆಯಲ್ಲಿ ಎಳೆತ ಇದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ನನ್ನ ವೃತ್ತಿ.

ಈಗ ಸೋಮವಾರಕ್ಕೆ ಬರೋಣ. ರಜೆ ಮುಗಿದು ಶಾಲೆ ತೆರೆದ ದಿನ. ಹೊಸ ಫ್ರಾಕು, ಅದೇ ಹಳೆಯ ಸ್ಲೇಟು. ಬಾಗಿಲ ಒಳಗೆ ಹೆಡ್‌ಮಿಸ್ಟ್ರೆಸ್, ಹೊರಗೆ ನಾವು, ನಡುವೆ ಆ ಹೊಸ್ತಿಲು. ಹಿಂದಿನಿಂದ ಮಕ್ಕಳು ತಳ್ಳಾಡುತ್ತಿದ್ದರು. ಸುಧಾ ಗಾಬರಿಯಾದಳು. ಬಲಗಾಲು ಎತ್ತಿದಳು. ಕಾಲ್ಬೆರಳು ಹೊಸ್ತಿಲ ಮರಕ್ಕೆ ತಗುಲಿತು. ವಿಮಲಾ ಹಿಡಿಯಲು ಮುಂದಾದಳು. ಹಿಡಿದಿದ್ದರೆ ಇನ್ನೊಂದು ವರ್ಷ ಮನೆಯೇ.

ಆಗಲೇ ಅವ್ವ ವಿಮಲಾಳ ರಟ್ಟೆ ಹಿಡಿದೆಳೆದು ಕೂಗಿದ್ದು.

ಸುಧಾ ಬಲಗಾಲನ್ನು ಕೆಳಗಿಟ್ಟಳು. ಊರಿದಳು. ಎಡಗೈ ರೆಕ್ಕೆಯಂತೆ ಚಾಚಿತು. ಮೈ ಒಮ್ಮೆ ಅತ್ತ ತೂಗಿತು, ಇತ್ತ ಬಂತು, ನಿಂತಿತು. ಎಡಗಾಲು ಎದ್ದು ಒಳಗೆ ಹೋಯಿತು. ಬಲಗಾಲು ಮರಕ್ಕೆ ತಾಗಿಕೊಂಡೇ ಹಿಂದೆ ಬಂತು. ಚೌಕಟ್ಟು ಮುಟ್ಟಲಿಲ್ಲ. ಯಾರ ಕೈಯನ್ನೂ ಮುಟ್ಟಲಿಲ್ಲ.

ಹೆಡ್‌ಮಿಸ್ಟ್ರೆಸ್ ಹೆಸರು ಹಚ್ಚಿಕೊಳ್ಳಲು ಪೆನ್ ತೆಗೆದರು. ನಗುತ್ತಲೇ ಒಂದು ಮಾತು ಅಂದರು: “ಅರೆ, ಪಹೇಲೇ ದಿವಸೇ ಡಾಬೊ ಪಗ್?”

ಮೊದಲ ದಿನವೇ ಎಡಗಾಲಾ ಎಂದು. ಅಷ್ಟು ಗುಜರಾತಿ ಅವ್ವನಿಗೆ ಈಗ ಬರುತ್ತದೆ. ಆಕೆ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು.

“ನೀ ಪೇಪರಿನ್ಯಾಗ ಬರಿಯಾಂವ ಅಲ್ಲೇನು? ಎಡಗಾಲಿಟ್ಟು ಬಂದ್ಲು ಅಂತ ಬರೀಬ್ಯಾಡ. ನಿಂತದ್ದು ಬಲಗಾಲು ಅಂತ ಬರಿ.”

ಊರಿನವರ ಬರಹಕ್ಕೆಲ್ಲ ತಲೆಬರಹ ತಿದ್ದುವ ಕೆಲಸ ನನ್ನದು. ಇದರಲ್ಲಿ ತಿದ್ದುವುದಾದರೂ ಏನಿತ್ತು?