ಹೊಸ ಡ್ರಮ್ಮು, ಬದನೆಕಾಯಿ ಪಲ್ಯ

ಗೆಳೆಯರೇ, ನಮ್ಮ ಕುರಕುಂಭ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಸವಿತಾ ಮೇಡಂಗೆ ಇವತ್ತು ಮನಸ್ಸಿನಲ್ಲೇ ಸೆಲ್ಯೂಟ್ ಹೊಡೆದೆ.

ಹೊಸ ರಾಸಾಯನಿಕದ ಡ್ರಮ್ ಬಂದಿತ್ತು. ಅದರ ಸುರಕ್ಷತಾ ಹಾಳೆಯಲ್ಲಿ, ಹಬೆ ಉಸಿರಾಡಿದರೆ ಏನಾಗುತ್ತದೆ ಎಂಬಲ್ಲಿ 'ಮಾಹಿತಿ ಲಭ್ಯವಿಲ್ಲ' ಎಂದಷ್ಟೇ ಇತ್ತು. ಮೈಸೂರು ಕಡೆಯ ನಮ್ಮ ಮ್ಯಾನೇಜರ್‌ಗೆ ಖುಷಿಯೋ ಖುಷಿ.

"ನೋಡಿ ಮೇಡಂ, ಪ್ರಾಬ್ಲಮ್ ಅಂತ ಏನೂ ಬರೆದಿಲ್ಲ. ಇವತ್ತೇ ಓಪನ್ ಮಾಡಿಸಿ ಟ್ಯಾಂಕಿಗೆ ಸುರಿಸೋಣ."

ವಿಜಯಪುರದ ಮೇಡಂ ಜಗ್ಗಲಿಲ್ಲ. "ಏನೂ ಆಗಂಗಿಲ್ಲ ಅಂತ ಬರದಿಲ್ರಿ ಸರ್, ಯಾರೂ ನೋಡಿಲ್ಲ ಅಂತ ಬರದಾರ. ಗೊತ್ತಾಗೂತನಕ ಭಾಳ ಕೆಟ್ಟದ್ದು ಅಂತನ ತಿಳ್ಕೋಬೇಕು. ಪಂಪ್ ಹಚ್ಚಿ ಮುಚ್ಚಿದ ಪೈಪಿನಾಗ ಹಾಯಸ್ರಿ. ಇಲ್ಲಾಂದ್ರ ಮುಚ್ಚಳ ತೆಗಿಯೂದು ಬ್ಯಾಡ."

"ಅತಿಯಾಯ್ತು ನಿಮ್ದು!" ಎಂದು ಮ್ಯಾನೇಜರ್ ಊಟಕ್ಕೆ ಎದ್ದರು.

ಕ್ಯಾಂಟೀನಿನಲ್ಲಿ ಬದನೆಕಾಯಿ ಪಲ್ಯ. ಶೇಂಗಾ ತಿಂದರೆ ಮ್ಯಾನೇಜರ್‌ಗೆ ಗಂಟಲು ಊದಿಕೊಳ್ಳುತ್ತದೆ. ಪಲ್ಯಕ್ಕೆ ಶೇಂಗಾ ಪುಡಿ ಹಾಕಿದ್ದೀರಾ ಎಂದು ಬಡಿಸುವವನನ್ನು ಕೇಳಿದರು. "ಮಾಹೀತ್ ನಾಹೀ, ಸಾಹೇಬ್" ಎಂದು ಮರಾಠಿಯಲ್ಲಿ ಹೇಳಿದ. ಗೊತ್ತಿಲ್ಲ ಎಂದಿದ್ದ, ಅಷ್ಟೇ. ಹಾಕಿದ್ದೇವೆ ಎಂದಿರಲಿಲ್ಲ. ಆದರೂ ತಟ್ಟೆ ಥಟ್ಟನೆ ದೂರ ಸರಿಯಿತು.

ಎದುರು ಕೂತಿದ್ದ ಸವಿತಾ ಮೇಡಂಗೆ ನಗು ತಡೆಯಲಾಗಲಿಲ್ಲ. "ನನ್ನ ಡಬ್ಬಿನೂ ಕೊಡಾಕ ಬರಂಗಿಲ್ರಿ ಸರ್. ಇದರಾಗ ಶೇಂಗಾ ಚಟ್ನಿ ಅದ. ಅದು ಖಾತ್ರಿ."

ಸಾಹೇಬರು ಊಟದ ಮೇಜಿನಿಂದಲೇ ಪಂಪ್ ತರಿಸಲು ಫೋನ್ ಮಾಡಿದರು. ಆಮೇಲೆ ಬಾಳೆಹಣ್ಣು ಸುಲಿದರು. ಅದರ ಬಗ್ಗೆ ಪೂರ್ತಿ ಮಾಹಿತಿ ಲಭ್ಯವಿತ್ತು.